ಮುರು ಮೀನೂ ಬಾಷಾ ಕೇಳಿದ ಪ್ರಶ್ನೆಯೂ

19 ಜನವರಿ 2025, ಭಾನುವಾರ
ದಾವಣಗೆರೆ

ಬಾಷಾನ ಮೀನಂಗಡಿಗೆ ಹೋಗೋ ಹೊತ್ತಿಗೆ ಕಾಟ್ಲಾ ಖಾಲಿ. ಐಸಿನ ಮೇಲೆ ಭಟ್ಕಳದ ಕಡೆಯಿಂದ ಬಂದ ಒಂದಿಷ್ಟು ಬಂಗುಡೆ, ಮೂಲೆಯಲ್ಲಿ ಒಂದೇ ಒಂದು ಮುರು. ಕಂದು ಮೈ, ಮೈತುಂಬಾ ಕಿತ್ತಳೆ ಚುಕ್ಕಿ, ದಪ್ಪ ತುಟಿ. ಸೂಳೆಕೆರೆ ಮೀನು ತಿಂದು ಬೆಳೆದ ನಮ್ಮೂರವರು ಅದರ ಕಡೆ ತಿರುಗಿಯೂ ನೋಡಲ್ಲ.

"ಮೇಷ್ಟ್ರೇ, ನೀವು ಕಾರವಾರದಾಗ ಇದ್ದೋರು. ಇದ್ರಾಗ ತತ್ತಿ ಐತೋ ಇಲ್ಲೋ ಹೇಳ್ರಿ ನೋಡಾಣ."

ತತ್ತಿ ವಿಷಯ ಹೊಟ್ಟೆ ಸೀಳಿದ ಮೇಲೇ ತಿಳಿಯೋದು, ಆದ್ರೆ ಇದು ಹೆಚ್ಚುಕಮ್ಮಿ ಹೆಣ್ಣೇ ಅಂದೆ. ಒಂದೂವರೆ ಗೇಣಿತ್ತು ಅಷ್ಟೇ. ಮುರು ಮೊದಲು ಹೆಣ್ಣಾಗಿ ಬೆಳೆಯುತ್ತದೆ, 25-30 ಸೆಂಟಿಮೀಟರ್ ಆದಾಗ ಮೊಟ್ಟೆ ಇಡೋಕೆ ತಯಾರಾಗುತ್ತದೆ, ಆಮೇಲೆ 55ರಿಂದ 75 ಸೆಂಟಿಮೀಟರ್ ಆಗೋ ಹೊತ್ತಿಗೆ ಕೆಲವು ಗಂಡಾಗುತ್ತವೆ, ಮೊಟ್ಟೆ ಮಾಡುತ್ತಿದ್ದ ಅಂಗವೇ ಬದಲಾಗಿ ವೀರ್ಯ ಮಾಡೋಕೆ ಶುರುಮಾಡುತ್ತದೆ ಅಂತ ಹೇಳಿದೆ.

ಬಾಷಾ ಕತ್ತಿ ಕೆಳಗಿಟ್ಟ. ನಗ್ತಾನೆ ಅಂದ್ಕೊಂಡರೆ ನಗಲಿಲ್ಲ.

"ಹಂಗಾದ್ರೆ ಇಂಥ ಸಣ್ಣವನ್ನ ಹಿಡ್ಕೊಂತ ಹೋದ್ರ, ಗಂಡು ಎಲ್ಲಿಂದ ಬರ್ತಾವ್ರಿ?"

ಇಷ್ಟು ವರ್ಷ ಪಾಠ ಮಾಡಿದೆ, ಒಬ್ಬ ಹುಡುಗನೂ ಹೀಗೆ ಕೇಳಿರಲಿಲ್ಲ! ಉತ್ತರ ಹೇಳೋಣ ಅಂದ್ರೆ ಬಂಗುಡೆ ಗಿರಾಕಿ ಬಂದರು.

 

ಬಾಷಾ ಕೇಳಿದ್ದು ಅರ್ಧ ಪ್ರಶ್ನೆ ಮಾತ್ರ. ದೊಡ್ಡವನ್ನು ಹಿಡಿದರೂ ಕಷ್ಟವೇ, ಇರೋ ಗಂಡೂ ಹೋಗುತ್ತದೆ. ಅದೇನು ಓಡಾಡೋ ಮೀನಲ್ಲ, ಮನೆ ಜಗುಲಿ ಬಿಡದ ಮುದುಕನ ಹಾಗೆ ತನ್ನ ಬಂಡೆಯ ಸಂದಿಯಲ್ಲೇ ಇರುತ್ತದೆ. ಏಡಿ, ಸೀಗಡಿ, ಸಣ್ಣ ಮೀನು ಹತ್ತಿರ ಬಂದರೆ ಬಾಯಿ ತೆರೆದು ನೀರಿನ ಸಮೇತ ಎಳೆದುಕೊಂಡು ಇಡಿಯಾಗಿ ನುಂಗುತ್ತದೆ. ಬಂಡೆ ಎಲ್ಲಿದೆ ಅಂತ ಗೊತ್ತಿದ್ದವನಿಗೆ ಮೀನು ಸಿಕ್ಕ ಹಾಗೆಯೇ. ಮುರುಡೇಶ್ವರದ ಎದುರಿನ ನೇತ್ರಾಣಿಯಲ್ಲಿ ಹವಳದ ಬಂಡೆಗಳಿವೆ, ಅಲ್ಲಿ ನೀರಿಗಿಳಿದವರು ಮುರು ಜಾತಿಯ ಮೀನು ನೋಡಿಯೇ ಬರುತ್ತಾರೆ. ಆದರೆ ಈ ಚುಕ್ಕಿ ಮುರುವಿನ ಮರಿಗಳು ಅಲ್ಲಿ ಬೆಳೆಯೋದಿಲ್ಲ, ಅವಕ್ಕೆ ಅಳಿವೆ ಬೇಕು, ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಬೇರಿನ ಮರೆ ಬೇಕು. ಕಾಂಡ್ಲಾ ಕಡಿದು ಸೀಗಡಿ ಹೊಂಡ ಮಾಡಿದರೆ ಬಂಡೆ ಹತ್ತಿರ ಬರೋ ಮೀನಾದರೂ ಎಲ್ಲಿಂದ?

ಗಲ್ಫಿನವರಿಗೆ ಇದೇ ಹಮೂರ್. ಅಲ್ಲಿ ಅತಿಯಾಗಿ ಹಿಡಿದು ಹಿಡಿದು ಸಂಖ್ಯೆ ಬಿದ್ದುಹೋಗಿದೆ. ದುಬೈನ ಭಾವನಿಗೆ ಬಾಷಾನ ಪ್ರಶ್ನೆ ಕಳಿಸಿದೆ. "ಫ್ರೈ ಸೂಪರ್ ಇರುತ್ತೆ, ಬಾ" ಅಂತ ಉತ್ತರ. ಸಿಟ್ಟು ಬಂತು, ಆಮೇಲೆ ನಗುವೂ ಬಂತು.

ಇದರದೇ ಬಳಗದಲ್ಲಿ ಕೆಂಪು ಮೈ, ನೀಲಿ ಚುಕ್ಕಿಯ ಇನ್ನೊಂದು ಜಾತಿ ಇದೆ. ಅಲ್ಲಿ ಒಂದು ಗಂಡು, ಅದರ ಜೊತೆ ಹಲವು ಹೆಣ್ಣು, ಹವಳದ ನಡುವೆ ಒಂದೊಂದು ಹೆಣ್ಣಿಗೂ ಬೇರೆ ಬೇರೆ ಜಾಗ. ಆ ಒಂದು ಗಂಡನ್ನೇ ಯಾರೋ ಗಾಳಕ್ಕೆ ಸಿಕ್ಕಿಸಿಕೊಂಡು ಹೋದರು ಅಂತಿಟ್ಟುಕೊಳ್ಳಿ, ಉಳಿದವುಗಳಲ್ಲಿ ಯಾವುದು ಮುಂದೆ ಬಂದು