ಸಲಹೆ ಕೊಡಬಾರದ ಕೋಣೆ

ಸಾಯುವ ಯೋಚನೆ ಕಾಡುವವರು ಸೇರಿ ಮಾತಾಡುವ ನಮ್ಮ ಗುಂಪಿನಲ್ಲಿ ಎಲ್ಲರಿಗೂ ಕಷ್ಟವಾಗುವ ನಿಯಮ ಒಂದೇ. ಎದುರಿನವರು ತಾವಾಗಿ ಕೇಳದೆ ಸಲಹೆ ಕೊಡಬಾರದು. ಇಲ್ಲಿ ಕೇಳಿದ್ದನ್ನು ಹೊರಗೆ ಹೇಳದಿರುವುದು, ಫೋನ್ ಸೈಲೆಂಟ್ ಮಾಡುವುದು, ಇನ್ನೊಬ್ಬರ ಮಾತಿನ ನಡುವೆ ಬಾಯಿ ಹಾಕದಿರುವುದು, ಇವೆಲ್ಲ ಬೇಗ ರೂಢಿಯಾಗುತ್ತವೆ. ಸಲಹೆ ಮಾತ್ರ ನಾಲಿಗೆಯ ತುದಿಯಲ್ಲೇ ಕೂತಿರುತ್ತದೆ. ಎದುರಿಗಿರುವವರು "ಸ್ನಾನ ಮಾಡೋಕೂ ಮನಸ್ಸಾಗ್ತಿಲ್ಲ" ಅಂದರೆ ಸಾಕು, "ಬೆಳಿಗ್ಗೆ ಬೇಗ ಎದ್ದು ನೋಡಿ" ಅನ್ನಬೇಕೆನಿಸುತ್ತದೆ.

ನಾನು ಡಿಪ್ರೆಶನ್‌ಗೆ ಮಾತ್ರೆ ತೆಗೆದುಕೊಳ್ಳುವವಳು. ಮಾಡುವುದು ಅಕೌಂಟ್ಸ್ ಕೆಲಸ. ತಾಳೆಯಾಗದ ಲೆಕ್ಕ ಕಂಡರೆ ಸುಮ್ನೆ ಬಿಡುವ ಜಾತಿಯವಳಲ್ಲ. ಸಾಯಬೇಕು ಎನ್ನುವ ಯೋಚನೆ ಒಂದು ಕಾಲದಲ್ಲಿ ಬಹಳ ತಿಂಗಳು ನನ್ನ ಜೊತೆಗಿತ್ತು. ಆಗ ಸುತ್ತಲಿದ್ದವರೆಲ್ಲ ಒಳ್ಳೆಯವರೇ. ವಾಕಿಂಗ್ ಹೋಗು, ಧ್ಯಾನ ಮಾಡು, ನಿನಗಿಂತ ಕಷ್ಟದಲ್ಲಿರುವವರನ್ನು ನೋಡು, ಧೈರ್ಯವಾಗಿರು. ಪ್ರತಿಯೊಂದನ್ನು ಕೇಳಿದಾಗಲೂ ನಾನು ಮಾಡುತ್ತಿದ್ದ ಲೆಕ್ಕ ಒಂದೇ: ಇಷ್ಟು ಸುಲಭದ್ದೂ ನನ್ನ ಕೈಲಾಗುತ್ತಿಲ್ಲ.

ಡಾಕ್ಟರ್ ಚಿಕಿತ್ಸೆಯ ಜೊತೆಗೆ ಗುಂಪಿಗೂ ಹೋಗಿ ಅಂದರು. ಮುಂದಿನ ಸಲ ಕೇಳಿದರೆ "ಹೋಗಿದ್ದೆ" ಅನ್ನಬಹುದಲ್ಲ, ಅದಕ್ಕಾಗಿಯೇ ಹೋದೆ. ನಂಬಿಕೆ ಗಿಂಬಿಕೆ ಏನೂ ಇರಲಿಲ್ಲ. ನನ್ನ ಸರದಿ ಬಂದಾಗ "ಪಾಸ್" ಅಂದೆ. ಯಾರೂ ಒತ್ತಾಯ ಮಾಡಲಿಲ್ಲ, ಪಕ್ಕದವರು ಶುರುಮಾಡಿದರು. ಅವರಾದ ಮೇಲೆ ಇನ್ನೊಬ್ಬರು ಹೇಳಿದರು, "ಸಾಯಬೇಕು ಅಂತಲ್ಲ, ನಾಳೆ ಎಚ್ಚರ ಆಗದಿದ್ರೆ ಸಾಕು ಅನ್ಸುತ್ತೆ." ಕೂತಿದ್ದವರಲ್ಲಿ ಅರ್ಧ ಜನ ತಲೆಯಾಡಿಸಿದರು. ಯಾರ ಮುಖದಲ್ಲೂ ಗಾಬರಿ ಇಲ್ಲ. ನನ್ನ ಮನೆಯಲ್ಲಿ ಈ ಮಾತು ಆಡಿದ್ದರೆ ಮೊದಲು ಅಳುತ್ತಿದ್ದವರನ್ನು ನಾನೇ ಸಮಾಧಾನ ಮಾಡಬೇಕಿತ್ತು. (ಇಲ್ಲಿ ಬರೆದಿರುವ ಮಾತುಗಳು ಯಾರೊಬ್ಬರದ್ದೂ ಅಲ್ಲ. ಹಲವರದ್ದನ್ನು ಬೆರೆಸಿ, ಗುರುತು ಸಿಗದ ಹಾಗೆ ಬದಲಿಸಿದ್ದೇನೆ.)

ಈಗ ಅದೇ ಗುಂಪನ್ನು ನಡೆಸುವವರಲ್ಲಿ ನಾನೂ ಒಬ್ಬಳು. ಅದಕ್ಕೆ ಮೊದಲು ತರಬೇತಿ ಪಡೆದೆ. ಯಾವಾಗಲೂ ಇಬ್ಬರು ಇರುತ್ತೇವೆ. ಯಾರಾದರೂ ಎದ್ದು ಹೊರಗೆ ಹೋದರೆ ಒಬ್ಬರು ಹಿಂದೆ ಹೋಗಬೇಕು, ಇನ್ನೊಬ್ಬರು ಉಳಿದವರ ಜೊತೆ ಇರಬೇಕು. ಟಿಶ್ಯೂ ಡಬ್ಬ ಎಲ್ಲರ ಕೈಗೆ ಎಟಕುವ ಕಡೆ ಇಡುತ್ತೇವೆ, ಅಳುವವರ ಕೈಗೆ ತುರುಕುವುದಿಲ್ಲ. ಅಳುವಾಗ ಟಿಶ್ಯೂ ಕೊಟ್ಟರೆ ಎಷ್ಟೋ ಜನಕ್ಕೆ "ಸಾಕು ನಿಲ್ಲಿಸು" ಅಂದ ಹಾಗೆ ಕೇಳಿಸುತ್ತದೆ.

ಸಾಮಾನ್ಯ ಜನ ಸುಮ್ಮನೆ ಕೂತು ಕೇಳಿದರೆ ಏನಾಗುತ್ತದೆ ಎಂದು ಕೇಳುವವರಿಗೆ ನಾನು ಚಾಡ್ ವರಾ ಎಂಬ ಪಾದ್ರಿಯ ಕಥೆ ಹೇಳುತ್ತೇನೆ. 1953ರಲ್ಲಿ ಅವರು ಲಂಡನ್ನಿನ ತಮ್ಮ ಚರ್ಚಿನಲ್ಲಿ, ಸಾಯುವ ಯೋಚನೆಯಲ್ಲಿರುವವರಿಗಾಗಿ ಒಂದು ಫೋನ್ ಇಟ್ಟರು. ಫೋನ್ ಮಾಡುವವರ ಜೊತೆಗೆ ನೇರವಾಗಿ ಬರುವವರೂ ಜಾಸ್ತಿಯಾದರು. ಕಾಯುತ್ತಿದ್ದವರ ಜೊತೆ ಕೂತು ಮಾತಾಡಲು ಕೆಲವು ಸ್ವಯಂಸೇವಕರಿದ್ದರು. ಸ್ವಲ್ಪ ದಿನದಲ್ಲೇ ವರಾ ಗಮನಿಸಿದ್ದೇನೆಂದರೆ, ಹೊರಗೆ ಕಾಯುತ್ತಿದ್ದ ಎಷ್ಟೋ ಜನ ಆ ಸ್ವಯಂಸೇವಕರೊಂದಿಗೇ ಮನಸ್ಸು ಬಿಚ್ಚಿ ಮಾತಾಡಿ, ಪಾದ್ರಿಯನ್ನು ನೋಡದೆಯೇ ಹೊರಟುಹೋಗುತ್ತಿದ್ದರು. ಕೊನೆಗೆ ಅವರು ಕೇಳುವ ಕೆಲಸವನ್ನು ಸ್ವಯಂಸೇವಕರಿಗೇ ಬಿಟ್ಟುಕೊಟ್ಟರು. ಸಂಕಟದಲ್ಲಿರುವವರ ಮಾತು ಕೇಳುವ ಸಮಾರಿಟನ್ಸ್ ಸಂಸ್ಥೆ ಬೆಳೆದದ್ದು ಹಾಗೆ. ಬುದ್ಧಿ ಹೇಳಬೇಕಾದವರು ಒಳಗಿದ್ದರು, ಕೆಲಸ ಹೊರಗೆ ನಡೆಯುತ್ತಿತ್ತು.

ಕೇಳುವುದು ಅಂದರೆ ಬರೀ ಹೂಂಗುಟ್ಟುವುದಲ್ಲ. ಅನುಮಾನ ಬಂದರೆ ನೇರವಾಗಿ ಕೇಳುತ್ತೇವೆ: "ಸಾಯಬೇಕು ಅನ್ನಿಸ್ತಿದೆಯಾ?" ಹೊಸಬರಿಗೆ ಈ ಪ್ರಶ್ನೆ ಬಾಯಿಂದ ಹೊರಡುವುದೇ ಇಲ್ಲ. ಇಲ್ಲದ ಯೋಚನೆಯನ್ನು ನಾವೇ ತಲೆಗೆ ಹಾಕಿಬಿಟ್ಟರೆ ಎಂಬ ಭಯ. ಈ ಭಯವನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ಅಮೆರಿಕದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಹೈಸ್ಕೂಲ್ ಮಕ್ಕಳ ಮೇಲೆ ನಡೆದ ಅಧ್ಯಯನವೊಂದು 2005ರಲ್ಲಿ ಪ್ರಕಟವಾಯಿತು. ಕೆಲವು ಮಕ್ಕಳಿಗೆ ಆತ್ಮಹತ್ಯೆಯ ಬಗ್ಗೆ ನೇರ ಪ್ರಶ್ನೆ ಕೇಳಿದರು, ಉಳಿದವರಿಗೆ ಕೇಳಲಿಲ್ಲ. ಎರಡು ದಿನ ಬಿಟ್ಟು ನೋಡಿದರೆ, ಆ ಪ್ರಶ್ನೆ ಎದುರಿಸಿದವರಲ್ಲಿ ಸಂಕಟವೂ ಹೆಚ್ಚಿರಲಿಲ್ಲ, ಅಂಥ ಯೋಚನೆಯೂ ಹೆಚ್ಚಿರಲಿಲ್ಲ. ಮೊದಲೇ ಖಿನ್ನತೆಯಲ್ಲಿದ್ದ ಮಕ್ಕಳಿಗೆ ಆ ಪ್ರಶ್ನೆಯಿಂದ ಸ್ವಲ್ಪ ಹಗುರವೇ ಆದಂತಿತ್ತು. ನಮ್ಮಲ್ಲೂ ಹೀಗೇ. ಪ್ರಶ್ನೆ ಕೇಳಿದಾಗ ಜನ ಬೆಚ್ಚಿಬೀಳುವುದು ಕಡಿಮೆ. ಉಸಿರು ಬಿಡುತ್ತಾರೆ.

"ಹೌದು" ಎಂಬ ಉತ್ತರ ಬಂದರೆ ಮುಂದೇನು ಮಾಡಬೇಕು ಎಂಬುದೂ ತೀರ್ಮಾನವಾಗಿರುತ್ತದೆ. ಅಪಾಯ ತೀರಾ ಹತ್ತಿರ ಅನ್ನಿಸಿದರೆ ಗುಟ್ಟಿನ ನಿಯಮ ಅಲ್ಲಿಗೆ ಮುಗಿಯಿತು. ಮನೆಯವರಿಗೋ ಡಾಕ್ಟರಿಗೋ ತಿಳಿಸುತ್ತೇವೆ, ಅವರನ್ನು ಒಂಟಿಯಾಗಿ ಬಿಡುವುದಿಲ್ಲ. ಇದನ್ನು ಮೊದಲ ದಿನವೇ ಎಲ್ಲರಿಗೂ ಹೇಳಿರುತ್ತೇವೆ. ಅಷ್ಟು ತುರ್ತಲ್ಲದಿದ್ದರೆ ಒಂದು ಹಾಳೆ ಇಟ್ಟುಕೊಂಡು ಕೂರುತ್ತೇವೆ. ನನಗೆ ಕೆಟ್ಟ ಹೊತ್ತು ಬರುತ್ತಿದೆ ಎಂದು ಹೇಗೆ ಗೊತ್ತಾಗುತ್ತದೆ, ಆಗ ನಾನೇ ಏನು ಮಾಡಬಹುದು, ಯಾರ ಹತ್ತಿರ ಹೋಗಿ ಕೂರಬಹುದು, ಯಾರಿಗೆ ವಿಷಯ ಹೇಳಿ ಸಹಾಯ ಕೇಳಬಹುದು, ಯಾವ ಡಾಕ್ಟರ್, ಯಾವ ನಂಬರ್. ಕೊನೆಯಲ್ಲಿ, ಅಪಾಯ ಮಾಡುವಂಥದ್ದನ್ನು ಕೈಗೆ ಸಿಗದ ಹಾಗೆ ದೂರ ಇಡುವುದು ಹೇಗೆ. ಇದು ಬಾರ್ಬರಾ ಸ್ಟ್ಯಾನ್ಲಿ ಮತ್ತು ಗ್ರೆಗರಿ ಬ್ರೌನ್ ಎಂಬ ಮನಶ್ಶಾಸ್ತ್ರಜ್ಞರು ರೂಪಿಸಿದ ಸುರಕ್ಷತಾ ಯೋಜನೆ. ನನಗೆ ಆ ಕೊನೆಯ ಸಾಲೇ ಮುಖ್ಯ. ಸಾಯಬೇಕೆಂಬ ತೀವ್ರ ಒತ್ತಡ ಎಷ್ಟೋ ಸಲ ಸ್ವಲ್ಪ ಹೊತ್ತಿನದ್ದು, ಏರಿದ ಹಾಗೆ ಇಳಿಯುತ್ತದೆ. ಇಳಿಯುವ ತನಕ ಕೈಗೆ ಏನೂ ಸಿಗಬಾರದು, ಅಷ್ಟೆ. ಹಾಳೆ ಅವರ ಮಾತಿನಲ್ಲೇ ಇರಬೇಕು. ಒಬ್ಬರು "ಬಾತ್‌ರೂಮಿನಲ್ಲಿ ಜೋರಾಗಿ ಬೈಯುವುದು" ಎಂದು ಬರೆದಿದ್ದರು. ಬಹಳ ಒಳ್ಳೆಯ ಉಪಾಯ.

ಬರುತ್ತಿದ್ದವರು ಬರದೇ ಹೋದರೆ ಒಂದು ಚಿಕ್ಕ ಮೆಸೇಜ್ ಹೋಗುತ್ತದೆ. "ಇವತ್ತು ನಿಮ್ಮನ್ನು ನೆನಪಿಸಿಕೊಂಡೆವು. ಉತ್ತರ ಬರೆಯಬೇಕಾಗಿಲ್ಲ." ಈ ಎರಡನೇ ವಾಕ್ಯದ ಹಿಂದೆ ಜೆರೋಮ್ ಮೋಟೊ ಎಂಬ ಸ್ಯಾನ್‌ಫ್ರಾನ್ಸಿಸ್ಕೋದ ಮನೋವೈದ್ಯರಿದ್ದಾರೆ. ಆಸ್ಪತ್ರೆಯಿಂದ ಬಿಡುಗಡೆಯಾದ ಮೇಲೆ ಮುಂದಿನ ಚಿಕಿತ್ಸೆ ಬೇಡ ಎಂದಿದ್ದ 843 ಜನರಲ್ಲಿ ಸುಮಾರು ಅರ್ಧ ಜನಕ್ಕೆ ಅವರು ಐದು ವರ್ಷ ಆಗಾಗ ಚಿಕ್ಕ ಪತ್ರ ಕಳಿಸಿದರು. ಪತ್ರದಲ್ಲಿ ಉಪದೇಶ ಇಲ್ಲ, ಬನ್ನಿ ಎಂಬ ಒತ್ತಾಯ ಇಲ್ಲ. ಚೆನ್ನಾಗಿದ್ದೀರಿ ಎಂದುಕೊಂಡಿದ್ದೇವೆ, ಬರೆಯಬೇಕೆನಿಸಿದರೆ ಬರೆಯಿರಿ ಎಂಬಷ್ಟೇ. ಮೊದಲ ಎರಡು ವರ್ಷ, ಪತ್ರ ಬಂದವರಲ್ಲಿ ಆತ್ಮಹತ್ಯೆ ಸ್ಪಷ್ಟವಾಗಿ ಕಡಿಮೆಯಿತ್ತು.

ಎಲ್ಲ ಗುಂಪೂ ಒಳ್ಳೆಯದು ಅಂತ ಮಾತ್ರ ನಾನು ಹೇಳುವುದಿಲ್ಲ. "ಮಾತ್ರೆ ಬಿಡಿ, ನಾವಿದ್ದೇವಲ್ಲ" ಅನ್ನುವ ಕಡೆಯಿಂದ ಎದ್ದು ಬನ್ನಿ. ಸಾಯುವ ವಿಧಾನಗಳ ವಿವರವನ್ನು ಮಾತಾಡಲು ಬಿಡುವ ಕಡೆಯಿಂದಲೂ. ಒಬ್ಬರೇ ಮಾತಾಡಿ ಉಳಿದವರು ಕೈಕಟ್ಟಿ ಕೇಳುತ್ತಿದ್ದರೆ ಅದು ಪ್ರವಚನ. ಇಷ್ಟು ಜೀವ ಉಳಿಸಿದ್ದೇವೆ ಎಂದು ಎಣಿಕೆ ಕೊಡುವವರ ಬಗ್ಗೆಯೂ ನನಗೆ ಅನುಮಾನ. ಆ ಲೆಕ್ಕ ಇಡುವುದು ಹೇಗೆ ಅಂತ ಅಕೌಂಟ್ಸ್ ಮಾಡುವ ನನಗೇ ಗೊತ್ತಿಲ್ಲ.

ತಮ್ಮವರನ್ನು ಆತ್ಮಹತ್ಯೆಯಿಂದ ಕಳೆದುಕೊಂಡವರು ಬಂದರೆ ಅವರದೇ ಬೇರೆ ಗುಂಪಿಗೆ ಕಳಿಸುತ್ತೇವೆ. ಅವರನ್ನು ಕಾಡುವ ಪ್ರಶ್ನೆಯೇ ಬೇರೆ: "ನನಗೆ ಯಾಕೆ ಗೊತ್ತಾಗಲಿಲ್ಲ?" ಸಾಯುವ ಯೋಚನೆಯಲ್ಲಿರುವವರ ಮುಂದೆ ಈ ಪ್ರಶ್ನೆ ಇಟ್ಟರೆ ಇಬ್ಬರಿಗೂ ನೋವು. ಜಗತ್ತಿನಲ್ಲಿ ವರ್ಷಕ್ಕೆ 7 ಲಕ್ಷಕ್ಕೂ ಹೆಚ್ಚು ಜನ ಹೀಗೆ ಸಾಯುತ್ತಾರೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ಆ ಪ್ರಶ್ನೆ ಹೊತ್ತುಕೊಂಡಿರುವವರು ಅದಕ್ಕಿಂತ ಎಷ್ಟು ಪಟ್ಟು ಇರಬೇಕು, ಅಲ್ವಾ?

ಗುಂಪು ಸೇರುವುದು ವಾರಕ್ಕೊಮ್ಮೆ. ರಾತ್ರಿ ಎರಡು ಗಂಟೆಗೆ ನಾವು ಯಾರೂ ಇರುವುದಿಲ್ಲ. ಆ ಹೊತ್ತಿಗೆ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ: 14416. ಸರ್ಕಾರದ್ದು, ದುಡ್ಡಿಲ್ಲ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಹಾಳೆಯಲ್ಲಿ ನಂಬರ್ ಬರೆಯುವ ಜಾಗದಲ್ಲಿ ಮೊದಲು ಇದನ್ನೇ ಬರೆಸುತ್ತೇವೆ. ಆಮೇಲೆ ಅವರ ಫೋನಿನಲ್ಲೂ ಅಲ್ಲೇ ಕೂತು ಸೇವ್ ಮಾಡಿಸುತ್ತೇವೆ.