ಅದು ಔಷಧಿ ಅಲ್ಲ, ಬರೀ ಸಪ್ಲಿಮೆಂಟು

ಅಕ್ಕನ ಥೈರಾಯ್ಡ್ ರಿಪೋರ್ಟ್ ನೋಡಿ ಡಾಕ್ಟರ್ ಹುಬ್ಬು ಗಂಟಿಕ್ಕಿದರು. ಥೈರಾಯ್ಡ್ ಗ್ರಂಥಿಗೆ ಕೆಲಸ ಮಾಡೆನ್ನುವ ಹಾರ್ಮೋನು ಟಿಎಸ್‌ಎಚ್ ತೀರಾ ಕಡಿಮೆ, ಆ ಗ್ರಂಥಿಯೇ ಸುರಿಸುವ ಹಾರ್ಮೋನು ಟಿ4 ಜಾಸ್ತಿ; ಅಂದರೆ ಥೈರಾಯ್ಡ್ ಅತಿಯಾಗಿ ಕೆಲಸ ಮಾಡುತ್ತಿರುವಂತೆ. ಆದರೆ ಅವಳಿಗೆ ಎದೆ ಡವಗುಟ್ಟುತ್ತಿರಲಿಲ್ಲ, ಕೈ ನಡುಗುತ್ತಿರಲಿಲ್ಲ, ತೂಕವೂ ಇಳಿದಿರಲಿಲ್ಲ.

"ಬೇರೆ ಏನಾದರೂ ಔಷಧಿ ತಗೋತಿದ್ದೀರಾ?"

"ಏನೂ ಇಲ್ಲ ಡಾಕ್ಟ್ರೇ."

"ಕೂದಲಿಗೆ ಅಂತ ಒಂದು ತಗೋತೀಯಲ್ಲ ಅಕ್ಕಾ?" ಅಂದೆ.

"ಅದು ಔಷಧಿ ಅಲ್ಲ ಕಣೇ, ಬರೀ ಸಪ್ಲಿಮೆಂಟು."

ಬ್ಯಾಗಿನಿಂದ ಡಬ್ಬಿ ಹೊರಬಂತು. ಡಾಕ್ಟರ್ ಅದನ್ನು ತಿರುಗಿಸಿ ಹಿಂಬದಿಯ ಸಣ್ಣಕ್ಷರ ಓದಿದರು: ಬಯೋಟಿನ್ ಎಂಬ ಬಿ ವಿಟಮಿನ್, 10,000 ಮೈಕ್ರೋಗ್ರಾಂ. ದೊಡ್ಡವರಿಗೆ ದಿನಕ್ಕೆ 30 ಮೈಕ್ರೋಗ್ರಾಂ ಸಾಕು, ಅಷ್ಟು ಊಟದಲ್ಲೇ ಸಿಗುತ್ತದೆ.

ಡಾಕ್ಟರ್ ಬಿಡಿಸಿ ಹೇಳಿದರು. ಎಷ್ಟೋ ಥೈರಾಯ್ಡ್ ಪರೀಕ್ಷೆಗಳಲ್ಲಿ ಬಯೋಟಿನ್ನನ್ನೇ ಅಂಟಿನ ಹಾಗೆ ಬಳಸುತ್ತಾರಂತೆ. ಸ್ಟ್ರೆಪ್ಟಾವಿಡಿನ್ ಎಂಬ ಪ್ರೋಟೀನಿಗೆ ಅದು ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ರಕ್ತದಲ್ಲೇ ಬಯೋಟಿನ್ ತುಂಬಿದ್ದರೆ ಅದು ಮೊದಲೇ ಹೋಗಿ ಆ ಜಾಗ ಹಿಡಿದುಬಿಡುತ್ತದೆ. ಆಗ ಟಿಎಸ್‌ಎಚ್ ಇರುವುದಕ್ಕಿಂತ ಕಡಿಮೆ, ಟಿ4 ಇರುವುದಕ್ಕಿಂತ ಹೆಚ್ಚು ಕಾಣುತ್ತದೆ. ಇಲ್ಲದ ಕಾಯಿಲೆ ಕಾಗದದ ಮೇಲೆ ಹುಟ್ಟುವುದು ಹೀಗೆ. ಇದ್ದ ಕಾಯಿಲೆ ಮರೆಯಾಗುವುದೂ ಉಂಟು: ಹೃದಯಾಘಾತ ಪತ್ತೆಹಚ್ಚುವ ಟ್ರೋಪೊನಿನ್ ಪರೀಕ್ಷೆಯಲ್ಲೂ ಬಯೋಟಿನ್‌ನಿಂದ ಸುಳ್ಳು ಫಲಿತಾಂಶ ಬರಬಹುದೆಂದು ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಎಚ್ಚರಿಸಿದೆ. ನನಗೆ ನಿಜಕ್ಕೂ ಭಯವಾದದ್ದು ಇದನ್ನು ತಿಳಿದಾಗ.

ಡಾಕ್ಟರ್ ಮಾತ್ರೆ ಬರೆಯಲಿಲ್ಲ. ಬಯೋಟಿನ್ ಕೆಲವು ದಿನ ನಿಲ್ಲಿಸಿ ಮತ್ತೆ ರಕ್ತ ಕೊಡಿ ಎಂದರು. ಎರಡನೇ ರಿಪೋರ್ಟ್ ನಾರ್ಮಲ್ ಬಂತು.

ಪೇಪರಿನ ಜೊತೆ ಬರುವ ಪುರವಣಿಯೂ ಸಪ್ಲಿಮೆಂಟೇ. ಓದಿದರೆ ಸರಿ, ಬಿಟ್ಟರೂ ನಷ್ಟವಿಲ್ಲ. ಈ ಡಬ್ಬಿಗಳನ್ನೂ ನಾವು ಅದೇ ಸಲುಗೆಯಲ್ಲಿ ನೋಡುತ್ತೇವೆ. ನನಗೆ ಆ ಪದಕ್ಕೆ ರೇಖಾಗಣಿತದಲ್ಲಿರುವ ಅರ್ಥವೇ ಸರಿ ಎನಿಸುತ್ತದೆ, ಒಂದು ಕೋನವನ್ನು 180 ಡಿಗ್ರಿಗೆ ತುಂಬಿಸುವ ಇನ್ನೊಂದು ಕೋನವೇ ಅದರ ಸಪ್ಲಿಮೆಂಟು: 110 ಡಿಗ್ರಿಯ ಕೋನಕ್ಕೆ 180 ಆಗಲು ಬೇಕಾದದ್ದು 70, ಅದಕ್ಕಿಂತ ಒಂದು ಡಿಗ್ರಿಯೂ ಹೆಚ್ಚಲ್ಲ. ಕೊರತೆ ಇದ್ದವರಿಗೆ ಕಬ್ಬಿಣಾಂಶ, ಬಿ12 ಬೇಕೇ ಬೇಕು. ಗರ್ಭಿಣಿಯರಿಗೆ ಫೋಲಿಕ್ ಆಸಿಡ್ ಕೊಡುವುದಕ್ಕೂ ಬಲವಾದ ಕಾರಣವಿದೆ. ಆದರೆ ಎಷ್ಟು ಕಡಿಮೆಯಿದೆ ಎಂದು ನೋಡದೆ ತುಂಬಿಸುವುದು ಏನನ್ನು?

ಮನೆಗೆ ಬಂದು ಅಮ್ಮನ ಮಾತ್ರೆಗಳನ್ನೂ ಹರವಿಕೊಂಡು ಕೂತೆವು. ಥೈರಾಯ್ಡ್ ಮಾತ್ರೆ, ಕ್ಯಾಲ್ಸಿಯಂ ಎರಡನ್ನೂ ಬೆಳಿಗ್ಗೆ ಒಟ್ಟಿಗೇ ನುಂಗುತ್ತಿದ್ದರು. ಕ್ಯಾಲ್ಸಿಯಂ ಥೈರಾಯ್ಡ್ ಮಾತ್ರೆಯನ್ನು ಸರಿಯಾಗಿ ಮೈಗೆ ಹತ್ತಲು ಬಿಡುವುದಿಲ್ಲ, ನಡುವೆ ನಾಲ್ಕು ಗಂಟೆಯಾದರೂ ಇರಬೇಕು. ಡಾಕ್ಟರಿಗೆ ಫೋನ್ ಮಾಡಿ ಕೇಳಿ, ಕ್ಯಾಲ್ಸಿಯಂ ಅನ್ನು ರಾತ್ರಿ ಊಟದ ಹೊತ್ತಿಗೆ ಹಾಕಿದೆವು.