ಸಾಣಾಪುರ ಕೆರೆಯಲ್ಲಿ ಆಷಾಢದ ಗಾಳಿ

ಹೊರಟಿದ್ದು ಹಂಪಿ ಬಳಿ ತುಂಗಭದ್ರೆಯ ನಡುಗಡ್ಡೆಯಲ್ಲಿರುವ ನವಬೃಂದಾವನಕ್ಕೆ. ಆನೆಗೊಂದಿಯ ದಡಕ್ಕೆ ಹೋದರೆ ಹೊಳೆ ಕೆಂಪಗೆ ಉಕ್ಕಿ ಹರಿಯುತ್ತಿತ್ತು, ದೋಣಿ ಬಂದ್. ತುಂಗಭದ್ರಾ ಡ್ಯಾಮಿಗೆ 33 ಗೇಟು. ಅದರಲ್ಲಿ ಕೆಲವನ್ನು ಎತ್ತಿದರೂ ಸಾಕು, ಇಲ್ಲಿ ನಡುಗಡ್ಡೆಗೆ ದಾರಿ ಇಲ್ಲ. ಪರಿಚಯದ ಅಂಬಿಗ ಕಾಕಾ, "ಹೊಳಿ ತಂಟಿ ಬ್ಯಾಡ್ರಿ, ಕೆರಿಗೆ ನಡೀರಿ" ಅಂದರು. ಅಂಜನಾದ್ರಿಯ ಬುಡದಿಂದ ಸಾಣಾಪುರಕ್ಕೆ ಬಂದೆವು.

ಡ್ಯಾಮಿನ ಎಡದಂಡೆ ಕಾಲುವೆಗೆ ನೀರು ಬಿಟ್ಟಾಗಿತ್ತು, ಕೆರೆ ತುಂಬಿತ್ತು. ಚಳಿಗಾಲದಲ್ಲಿ ಫೋಟೊ ತೆಗೆಸಿಕೊಳ್ಳಲು ಬರುವವರು ನೋಡುವ ಕೆರೆಯೇ ಬೇರೆ. ಈಗ ಪಡುವಣ ಗಾಳಿಗೆ ನೀರು ಬಂಡೆಗೆ ಬಡಿದು ಚಪ್ಪಲಿ ತೋಯಿಸುತ್ತಿತ್ತು. ನಮಗೆ ಮೂವರು ಗೆಳೆಯರಿಗೂ ಹುಟ್ಟು ಹಾಕಲು ಅಷ್ಟಿಷ್ಟು ಬರುತ್ತದೆ, ಆದರೆ ಅದೆಲ್ಲ ನಿಂತ ನೀರಿನ ವಿದ್ಯೆ.

ಹರಿಗೋಲಿನ ಬಿದಿರ ಸಂದಿಯಲ್ಲಿ ಗೊಬ್ಬರದ ಚೀಲದ ಅಕ್ಷರಗಳು ಇಣುಕುತ್ತಿದ್ದವು. ಹೊರಗೆ ಡಾಂಬರು ಬಳಿದಿತ್ತು. 1520ರ ಸುಮಾರಿಗೆ ಇಲ್ಲಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕಂಡದ್ದು ಚರ್ಮ ಹೊದಿಸಿದ ಬೆತ್ತದ ದೋಣಿಗಳನ್ನು. ಬುಟ್ಟಿಯಂತೆ ದುಂಡಗಿವೆ, ನೆಟ್ಟಗೆ ಹೋಗಲಾರದೆ ಸುತ್ತುತ್ತಲೇ ಇರುತ್ತವೆ ಎಂದು ಬರೆದಿದ್ದಾನೆ. ಚರ್ಮ ಹೋಗಿ ಪ್ಲಾಸ್ಟಿಕ್ ಬಂದಿದೆ, ಸುತ್ತುವುದು ಮಾತ್ರ ಬಿಟ್ಟಿಲ್ಲ.

ಲೈಫ್ ಜಾಕೆಟ್ ಕಟ್ಟಿಕೊಂಡು ಕೂತೆವು. ಬಂಡೆಗಳ ಮರೆ ಇರುವತನಕ ಎಲ್ಲ ಸಲೀಸು. ಹುಟ್ಟನ್ನು ಮುಂದಕ್ಕೆ ಚಾಚಿ, 8 ಬರೆದ ಹಾಗೆ ಆಡಿಸುತ್ತ ನೀರನ್ನು ನಮ್ಮತ್ತ ಎಳೆದುಕೊಳ್ಳಬೇಕು. ಮರೆ ದಾಟಿದ್ದೇ ತಡ, ಗಾಳಿ ಹರಿಗೋಲಿನ ಅಂಚು ಹಿಡಿದು ಗರಗರ ತಿರುಗಿಸಿತು. ಇದಕ್ಕೆ ಮುಂದಿಲ್ಲ ಹಿಂದಿಲ್ಲ. ಚಪ್ಪಟೆ ತಳ ನೀರಿನ ಮೇಲೇ ಜಾರುತ್ತದೆ, ನೀರನ್ನು ಹಿಡಿದು ನಿಲ್ಲುವಂಥದ್ದೇನೂ ಅಡಿಯಲ್ಲಿಲ್ಲ. ಒಂದು ಅಲೆ ಒಳಗೇ ಬಂತು. ಗೆಳೆಯನೊಬ್ಬ ಏಳಲು ಹೋದ. "ಏಳಬ್ಯಾಡೋ ತಮ್ಮಾ, ತಳಕ್ಕ ಕುಂದ್ರು!" ಕಾಕಾನ ದನಿ ಅಷ್ಟು ಏರಿದ್ದನ್ನು ನಾನು ಕೇಳಿದ್ದೇ ಇಲ್ಲ. ಎಲ್ಲರೂ ಕಾಲು ಚಾಚಿ ತಳಕ್ಕೆ ಕುಸಿದೆವು, ಭಾರ ಸುತ್ತಲೂ ಸಮನಾಯಿತು, ತೂಗಾಟ ಇಳಿಯಿತು.

ನಾನು ಹೊರಟ ದಡಕ್ಕೇ ತಿರುಗಿಸಲು ಒದ್ದಾಡುತ್ತಿದ್ದೆ. ತೋಳು ಸೋತವೇ ಹೊರತು ದಡ ಹತ್ತಿರ ಬರಲಿಲ್ಲ. ಕಾಕಾ ಹುಟ್ಟು ಕೇಳಲಿಲ್ಲ, ಮೂಡಣ ದಡದತ್ತ ಗದ್ದ ಎತ್ತಿ ತೋರಿಸಿದರು: ಎರಡು ಬಂಡೆಗಳ ನಡುವೆ ಕೆಸರಿನ ಒಂದು ತುಂಡು. "ಗಾಳಿ ಒಯ್ಯತೈತಿ. ನೀನು ಬಂಡಿಗೆ ತಾಗದಂಗ ನೋಡ್ಕೋ, ಸಾಕು." ಆಮೇಲೆ ಹುಟ್ಟಿಗೆ ಕೆಲಸ ಕಡಿಮೆ, ಕಣ್ಣಿಗೆ ಜಾಸ್ತಿ. ಬಲಗಡೆಯ ಬಂಡೆಗೆ ಹುಟ್ಟು ಊರಿ ದೂಡಿದ್ದಷ್ಟೇ. ಉಳಿದದ್ದು ಗಾಳಿಯದೇ ಕೈಚಳಕ. ಕೆಸರಿಗೆ ಕೂತಾಗ ಪಾದ ಮುಳುಗುವಷ್ಟು ನೀರು ಒಳಗಿತ್ತು.

ವಾಪಸು ತೇಲಿಸಿಕೊಂಡು ಹೋಗುವ ಮಾತೇ ಇರಲಿಲ್ಲ. ಕಾಕಾ ಹರಿಗೋಲನ್ನು ಮಗುಚಿ ಬೆನ್ನಿಗೇರಿಸಿಕೊಂಡು ದಂಡೆಗುಂಟ ನಡೆದರು. ಗಾಳಿ ಅಲ್ಲೂ ಬಿಡಲಿಲ್ಲ. ನಮ್ಮಲ್ಲಿಬ್ಬರು ಎರಡು ಕಡೆ ಅಂಚು ಹಿಡಿದೆವು. ಬಾಡಿಗೆ ಎಷ್ಟೆಂದರೆ, "ಹುಟ್ಟು ಹಾಕಿದವರು ನೀವು. ಹೊತ್ತ ಕೂಲಿ ಕೊಡ್ರಿ" ಎಂದು ನಕ್ಕು, ಮಾಮೂಲಿಗಿಂತ ಹೆಚ್ಚೇ ತೆಗೆದುಕೊಂಡರು.